ಕಟ್ಟಾಯದ ಓನರಮ್ಮ

ಬೈರಮ್ಮನಿಗೆ ನಲವತ್ತೇಳನೆಯ ವಯಸ್ಸಿನಲ್ಲಿ ಸರ್ಕಾರದ ಕೃಪೆಯಿಂದ ಒಂದು ವೆಲ್ಡಿಂಗ್ ಶಾಪು ದೊರೆಯಿತು. ಅದು ಇಪ್ಪತ್ತಾರು ವರ್ಷಗಳಿಂದ ಅವಳ ಗಂಡನದೇ ಆಗಿತ್ತು ಎಂಬುದು ಬೇರೆ ಮಾತು.

ಗಂಡ ಬೀರಲಿಂಗಯ್ಯ ಕಟ್ಟಾಯದ ರಸ್ತೆ ಬದಿಯ ತಗಡಿನ ಶೆಡ್ಡಿನಲ್ಲಿ ಟ್ರೇಲರಿನ ಕೊಂಡಿ, ಕೊಟ್ಟಿಗೆಯ ಗೇಟು, ಕಾಲು ಮುರಿದ ಮಂಚ, ಏನು ತಂದರೂ ಬೆಸೆದು ಕೊಡುತ್ತಿದ್ದ. ಶೆಡ್ಡಿಗೆ ಹೆಸರಿರಲಿಲ್ಲ. ಹೆಸರು ಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. ಬೀರಣ್ಣನ ಶೆಡ್ಡು ಎಂದರೆ ಗೊರೂರಿನ ತನಕ ಗೊತ್ತಿತ್ತು. ಬೈರಮ್ಮ ಆ ಶೆಡ್ಡಿನೊಳಕ್ಕೆ ಕಾಲಿಡುತ್ತಿದ್ದದ್ದು ಮಧ್ಯಾಹ್ನದ ಬುತ್ತಿ ಕೊಡುವುದಕ್ಕೆ ಮಾತ್ರ. ಉಳಿದ ಹೊತ್ತು ಮನೆ, ಎರಡು ಹಸು, ಆಲೂಗಡ್ಡೆ ಕೀಳುವ ಕಾಲ ಬಂದರೆ ಹೊಲಗಳಲ್ಲಿ ಗಡ್ಡೆ ಆರಿಸುವ ಕೂಲಿ. ಸಣ್ಣದು, ಮಧ್ಯದ್ದು, ದಪ್ಪದ್ದು ಎಂದು ಮೂರು ಗುಡ್ಡೆ ಮಾಡಿ ಮಾಡಿ, ಕಣ್ಣು ಮುಚ್ಚಿಕೊಂಡೇ ಗಡ್ಡೆಯ ತೂಕ ಹೇಳುವಷ್ಟು ಅವಳ ಕೈ ಪಳಗಿತ್ತು.

ಹೀಗೆ ಆರಿಸುವ ಹೆಂಗಸರು ವರ್ಷದಿಂದ ವರ್ಷಕ್ಕೆ ಸಿಗದೆ ಹೋಗುತ್ತಿದ್ದುದರಿಂದ ಬೀರಲಿಂಗಯ್ಯ ತಲೆ ಓಡಿಸಿ ಒಂದು ಯಂತ್ರ ಮಾಡಿದ. ಕಬ್ಬಿಣದ ಸರಳುಗಳ ಉದ್ದನೆಯ ಪೀಪಾಯಿ, ಅದನ್ನು ತಿರುಗಿಸಲು ಒಂದು ಮೋಟರು. ಒಂದು ಕಡೆಯಿಂದ ಗಡ್ಡೆ ಸುರಿದರೆ ಸರಳುಗಳ ಸಂದಿಯಲ್ಲಿ ಸಣ್ಣವು ಮೊದಲು ಬೀಳುತ್ತವೆ, ಮಧ್ಯದವು ಆಮೇಲೆ, ದಪ್ಪನೆಯವು ಕೊನೆಗೆ. ಊರಿನ ಪುಟ್ಟರಾಜು ಎಂಬ ರೈತ ಮೊದಲ ಯಂತ್ರ ಕೊಂಡುಹೋದ. ಅದನ್ನು ನೋಡಿ ಇನ್ನಷ್ಟು ಜನ ಬಂದು ಕೇಳಿದರು. ಆದರೆ ಪೀಪಾಯಿ ತಿರುಗುವ ಕಬ್ಬಿಣದ ಅಚ್ಚನ್ನು ಕಡೆಯುವುದಕ್ಕೆ ಲೇತ್ ಯಂತ್ರ ಬೇಕು. ಬೀರಲಿಂಗಯ್ಯನ ಬಳಿ ಇರಲಿಲ್ಲ. ಪ್ರತಿ ಅಚ್ಚನ್ನೂ ಬಸ್ಸಿನಲ್ಲಿ ಹಾಸನಕ್ಕೆ ಹೊತ್ತುಕೊಂಡು ಹೋಗಿ, ಅಲ್ಲಿನ ಲೇತಿನವನ ಮುಂದೆ ದಿನಗಟ್ಟಲೆ ಕಾದು ಕೂರಬೇಕಾಗಿತ್ತು.

ಅಷ್ಟರಲ್ಲಿ ಪತ್ರಿಕೆಯಲ್ಲಿ ಇಡೀ ಪುಟದ ಜಾಹೀರಾತು ಬಂತು. ‘ಕನಸು ನಿಮ್ಮದು, ಬಂಡವಾಳ ನಮ್ಮದು’ ಎಂದು. ಕೆಳಗೆ ಯೋಜನೆಯ ಹೆಸರು: ಉದ್ಯಮ ಚೇತನ. ಪುಟ್ಟರಾಜು ಅದನ್ನು ಮಡಚಿಕೊಂಡು ಶೆಡ್ಡಿಗೆ ಬಂದ. “ಬೀರಣ್ಣ, ಸರ್ಕಾರದೋರೇ ಕರ್ದು ಕೊಡ್ತಾವ್ರೆ ಕಣ. ಓಗಿ ಇಸ್ಕೊಂಬಾ” ಎಂದ. ಸಂತೆಗೆ ಹೋಗಿ ಮೂಗುದಾರ ತರುವಷ್ಟು ಸುಲಭವಾಗಿ ಹೇಳಿದ.

ಹಾಸನದ ಆ ಕಚೇರಿಯ ಹೆಸರು ಬೇಡ. ಅಲ್ಲಿ ಯೋಜನೆ ನೋಡಿಕೊಳ್ಳುತ್ತಿದ್ದವರು ಪ್ರಸನ್ನಕುಮಾರ್ ಎಂಬ ಅಧಿಕಾರಿ. ಹೆಸರಿಗೆ ತಕ್ಕಂತೆ ಸದಾ ನಗುಮುಖ. ಆಗುವುದಿಲ್ಲ ಎನ್ನುವಾಗ ಆ ನಗು ಇನ್ನೂ ಅಗಲವಾಗುತ್ತಿತ್ತು.

“ವಯಸ್ಸೆಷ್ಟು ನಿಮ್ದು?”

“ಐವತ್ನಾಕು ಸಾ.”

“ಐವತ್ತರ ಮೇಲೆ ಆಗಲ್ಲವಲ್ಲ. ಉದ್ಯಮ ಮಾಡೋ ಹುರುಪಿರಬೇಕು ನೋಡಿ.”

“ನಾ ಇಪ್ಪತ್ತಾರು ವರ್ಸದಿಂದ ಇದೇ ಕೆಲ್ಸ ಮಾಡ್ತಾವ್ನಿ ಸಾ.”

“ಅದು ಇನ್ನೊಂದು ತೊಂದರೆ. ಇದು ಹೊಸ ಉದ್ಯಮಿಗಳಿಗೆ. ನೀವು ಆಗಲೇ ನಡೆಸ್ತಾ ಇದ್ದೀರಿ ಅಂದ್ಮೇಲೆ ನಮ್ಮ ನೆರವು ಯಾಕೆ?” ಪ್ರಸನ್ನಕುಮಾರ್ ಪ್ರಸನ್ನವಾಗಿ ಕೇಳಿದರು.

ಕೆಲಸ ಗೊತ್ತಿಲ್ಲದವರಿಗೆ ಮಾತ್ರ ಕೊಡುವ ನೆರವು ಎಂದು ಬೀರಲಿಂಗಯ್ಯನಿಗೆ ಅರ್ಥವಾಯಿತು. ಎದ್ದು ಹೊರಟ. ಪ್ರಸನ್ನಕುಮಾರ್ ಕೆಟ್ಟವರಲ್ಲ. ತಡೆದು ಕೇಳಿದರು: “ಮನೇಲಿ ಹೆಂಗಸರಿದ್ದಾರಾ? ಮಹಿಳೆಯರಿಗೆ ಸಬ್ಸಿಡಿ ಜಾಸ್ತಿ. ಅವರ ಹೆಸರಲ್ಲಿ ಹೊಸದಾಗಿ ಶುರು ಮಾಡಿ.”

ಕಚೇರಿಯ ಎದುರಿಗೆ ಶಶಿಕುಮಾರ್ ಎಂಬಾತನ ಜೆರಾಕ್ಸ್ ಅಂಗಡಿ. ಯೋಜನಾ ವರದಿ ಬರೆದುಕೊಡುವುದು ಆತನ ಕಸುಬು. ಜಿಲ್ಲೆಯ ಸಣ್ಣ ಕೈಗಾರಿಕೆಗಳೆಲ್ಲ ಮೊದಲು ಹುಟ್ಟುವುದು ಆತನ ಕಂಪ್ಯೂಟರಿನಲ್ಲಿ. ಅನೇಕವು ಅಲ್ಲೇ ಬದುಕಿ ಬಾಳಿ ತೀರಿಕೊಳ್ಳುತ್ತವೆ. ಬೈರಮ್ಮನ ಆಧಾರ್ ಕಾರ್ಡು, ಎರಡು ಫೋಟೊ ಕೊಟ್ಟರೆ ಸಾಕು ಎಂದ. ಎರಡೇ ದಿನದಲ್ಲಿ ಐವತ್ತೆರಡು ಪುಟದ ವರದಿ ತಯಾರಾಯಿತು. ಮೊದಲ ಪುಟದಲ್ಲಿ ಹೀಗಿತ್ತು: ಮಾಲೀಕರು, ಶ್ರೀಮತಿ ಬೈರಮ್ಮ. ನುರಿತ ಕಾರ್ಮಿಕರು, ಒಬ್ಬರು. ಆ ಒಬ್ಬರು ಬೀರಲಿಂಗಯ್ಯ.

“ಲೇ ಬೈರಿ, ನೀನು ಓನರು ಕಣಮ್ಮಿ ಇವತ್ತಿಂದ” ಎಂದು ನಗಾಡುತ್ತ ಬೀರಲಿಂಗಯ್ಯ ವರದಿಯನ್ನು ಹೆಂಡತಿಯ ಮುಂದಿಟ್ಟ. ಬೈರಮ್ಮ ನಗಲಿಲ್ಲ. ಸೆರಗಿನಲ್ಲಿ ಕೈ ಒರೆಸಿಕೊಂಡು ಓದಲು ಕೂತಳು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಆದರೆ ಬೋಂಡ ಕಟ್ಟಿಕೊಟ್ಟ ಕಾಗದವನ್ನೂ ಬಿಡದೆ ಓದುವವಳು. ಅಂಥ ವರದಿಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿದ ಮೊದಲ ಮನುಷ್ಯಪ್ರಾಣಿ ಬಹುಶಃ ಅವಳೇ. ಮೂವತ್ತೊಂದನೆಯ ಪುಟದಲ್ಲಿ ಅವಳ ಬೆರಳು ನಿಂತಿತು.

“ಏನಂದ್ರೆ, ಇಲ್ ನೋಡಿ. ‘ಮೈದಾ ಹಿಟ್ಟನ್ನು ತೇವ ತಾಗದಂತೆ ದಾಸ್ತಾನು ಮಾಡಲಾಗುವುದು’ ಅಂತೈತೆ. ವೆಲ್ಡಿಂಗಿಗೆ ಮೈದಾ ಯಾಕೆ?”

ಬೀರಲಿಂಗಯ್ಯನಿಗೂ ಗೊತ್ತಾಗಲಿಲ್ಲ. ಮಾರನೆಯ ದಿನ ಶಶಿಕುಮಾರನನ್ನೇ ಕೇಳಿದಳು. “ಅಯ್ಯೋ ಆಂಟಿ, ಅದು ಅರಕಲಗೂಡಿನ ಒಂದು ಬೇಕರಿ ರಿಪೋರ್ಟು. ಪಟ್ ಅಂತ ಸ್ಯಾಂಕ್ಷನ್ ಆಯ್ತು. ಲಕ್ಕಿ ಅಂತ ಅದರ ಮೇಲೇ ನಿಮ್ದು ಟೈಪ್ ಮಾಡಿದೀನಿ. ಎಲ್ಲೋ ಒಂದೆರಡು ಕಡೆ ಉಳಿದಿರುತ್ತೆ, ಬಿಡಿ. ಯಾರು ಓದ್ತಾರೆ?”

ಸಂದರ್ಶನದ ದಿನ ಮೇಜಿನ ಆಚೆ ಐದು ಜನ ಕೂತಿದ್ದರು. ನಾಲ್ವರು ನಿಜವಾಗಿಯೂ ಓದಿರಲಿಲ್ಲ. ಐದನೆಯವರು, ದಪ್ಪ ಕನ್ನಡಕದ ಹಿರಿಯರು, ಏನಾದರೂ ಕೇಳಬೇಕಲ್ಲ ಎಂದು ವರದಿಯನ್ನು ನಡುವೆ ತೆರೆದರು. ದೇವರು ಅವರಿಗೆ ಮೂವತ್ತೊಂದನೆಯ ಪುಟವನ್ನೇ ತೋರಿಸಿದ.

“ಮೈದಾ ಎಲ್ಲಿಂದ ತರಿಸ್ತೀರಮ್ಮ?”

ಸುಳ್ಳು ಹೇಳಲು ಬೈರಮ್ಮನಿಗೆ ಒಂದು ಕ್ಷಣ ಮನಸ್ಸಾಯಿತು. ಆದರೆ ಮೈದಾದ ಬಗ್ಗೆ ಸುಳ್ಳು ಹೇಳುವುದಕ್ಕೂ ಮೈದಾ ಗೊತ್ತಿರಬೇಕಲ್ಲ.

“ಸಾ, ನಮ್ದು ಕಬ್ಬಿಣದ ಕೆಲ್ಸ. ಮೈದಾ ಅಂತ ಬರ್ದೋರು ಎದುರ್ಗಡೆ ಜೆರಾಕ್ಸ್ ಅಂಗಡೀಲವ್ರೆ, ಅವ್ರ್ನೇ ಕೇಳ್ಬೇಕು. ನಂಗೆ ಗೊತ್ತಿರಾದು ಆಲೂಗಡ್ಡೆ. ಬೇಕಾರೆ ಅದ ಕೇಳಿ.”

ಕನ್ನಡಕದವರು ಹೊಟ್ಟೆ ಅಲುಗುವಂತೆ ನಕ್ಕರು. ಆಲೂಗಡ್ಡೆಯ ಬಗ್ಗೆಯೇ ಕೇಳಿದರು. ಬೈರಮ್ಮ ಹೇಳಿದಳು: ಮಳೆಯಲ್ಲಿ ಕಿತ್ತ ಗಡ್ಡೆಗೂ ಬಿಸಿಲಲ್ಲಿ ಕಿತ್ತದ್ದಕ್ಕೂ ಸಿಪ್ಪೆ ಹೇಗೆ ಬೇರೆ, ಮಣ್ಣು ಮೆತ್ತಿದ್ದರೆ ಗಾತ್ರ ಹೇಗೆ ಮೋಸ ಮಾಡುತ್ತದೆ, ಒಂದೇ ಒಂದು ಕೊಳೆತದ್ದು ಮೂಟೆಗೆ ಸೇರಿದರೆ ಏನಾಗುತ್ತದೆ, ಎಲ್ಲ. ಐವರೂ ಕಿವಿಗೊಟ್ಟು ಕೇಳಿದರು. ಕೇಳಿ, ಎಲ್ಲರೂ ಒಮ್ಮತದಿಂದ ಆಯ್ಕೆ ಮಾಡಿದರು. ಕಡತದಲ್ಲಿ ಏನು ಬರೆದುಕೊಂಡರು ಎಂಬುದು ಅವಳಿಗೆ ಬಹಳ ತಿಂಗಳು ತಿಳಿಯಲಿಲ್ಲ.

ಆಯ್ಕೆಯಾದವರಿಗೆ ಹತ್ತು ದಿನದ ತರಬೇತಿ ಕಡ್ಡಾಯ. ಬೈರಮ್ಮ ಹಸುಗಳನ್ನು ಗಂಡನಿಗೆ ಒಪ್ಪಿಸಿ ದಿನವೂ ಹಾಸನಕ್ಕೆ ಬಸ್ಸಿನಲ್ಲಿ ಹೋಗಿಬಂದಳು. ನೆಲದ ಮೇಲೆ ಒಂದು ಗೂಟ ನಿಲ್ಲಿಸಿ, ದೂರದಿಂದ ಅದಕ್ಕೆ ಪ್ಲಾಸ್ಟಿಕ್ ಬಳೆ ಎಸೆಯಿಸಿದರು. ಹತ್ತಿರ ನಿಂತು ಎಸೆದವರಿಗೆ ಧೈರ್ಯವಿಲ್ಲ, ಬಹಳ ದೂರ ನಿಂತವರಿಗೆ ವಿವೇಕವಿಲ್ಲ, ನಡುವೆ ನಿಂತವರೇ ಉದ್ಯಮಿಗಳು ಎಂದು ತರಬೇತುದಾರರು ವಿವರಿಸಿದರು. ಅವರು ಈ ಮೊದಲು ಯಾವ ಉದ್ಯಮ ಮಾಡಿದ್ದರು ಎಂದು ಬೈರಮ್ಮ ಕೇಳಿದಳು. ಅವರು ಮಾಡಿರಲಿಲ್ಲ, ತರಬೇತಿ ಮಾತ್ರ ಮಾಡಿದ್ದರು. “ನಾಳೆ ಬೂವನಹಳ್ಳಿಯ ವಿಮಾನ ನಿಲ್ದಾಣ ಮುಗಿದು ವಿಮಾನ ಇಳಿಯಲಿ, ನಿಮ್ಮ ಉತ್ಪನ್ನ ಸಂಜೆಗೆ ದುಬೈನಲ್ಲಿರುತ್ತೆ” ಎಂದೂ ಹೇಳಿದರು. ಅಂದು ಸಂಜೆ ಬೈರಮ್ಮ ಕಟ್ಟಾಯದ ಬಸ್ಸಿಗೆ ಒಂದೂವರೆ ಗಂಟೆ ಕಾದಳು.

ಬಳೆ ಆಟದಲ್ಲಿ ಗೆದ್ದವನು ಚನ್ನರಾಯಪಟ್ಟಣದ ಸುನೀಲ್‌ಕುಮಾರ್. ಪ್ರತಿ ಸಲವೂ ಸರಿಯಾಗಿ ನಡುವೆ ನಿಂತು ಎಸೆಯುತ್ತಿದ್ದ. ಚಹಾದ ಬಿಡುವಿನಲ್ಲಿ ಬೈರಮ್ಮ ಮೆಚ್ಚಿಕೊಂಡಾಗ ಆತ ನಾಚಿಕೊಂಡ. “ಇದು ನಂದು ನಾಲ್ಕನೇ ಟ್ರೈನಿಂಗು ಅಕ್ಕ, ರೂಢಿ ಆಗೈತೆ.” ಜೇನು ಸಾಕಣೆ, ಹಪ್ಪಳ, ಲೇತ್ ವರ್ಕ್ಸ್ ಮೂರರಲ್ಲೂ ಆತ ನೆರವು ಪಡೆದಿದ್ದ. ಈ ಸಲ ಅಗರಬತ್ತಿ.

“ಅಷ್ಟೂ ನಡುಸ್ತೀಯೇನಪ್ಪ?”

“ಎಲ್ಲಿ ನಡ್ಸೋದಕ್ಕ! ನಡ್ಸೋದು ಉದ್ಯಮಿಗಳು. ನಾನು ಫಲಾನುಭವಿ.”

ತರಬೇತಿ ಮುಗಿದು ಪ್ರಮಾಣಪತ್ರ ಸಿಕ್ಕಿತು. ಇನ್ನು ಸ್ಥಳ ಪರಿಶೀಲನೆ. ಅಧಿಕಾರಿಗಳು ಯಾವ ದಿನ ಬರುತ್ತಾರೆಂದು ಹೇಳುವುದಿಲ್ಲ. ಬಂದಾಗ ಘಟಕಕ್ಕೆ ಬೋರ್ಡಿರಬೇಕು, ಮಾಲೀಕರು ಸ್ಥಳದಲ್ಲಿರಬೇಕು. ‘ಬೈರಮ್ಮ ಇಂಜಿನಿಯರಿಂಗ್ ವರ್ಕ್ಸ್’ ಎಂದು ಹಳದಿ ಬೋರ್ಡು ಬರೆಸಿದರು. ಅದನ್ನು ಏಣಿ ಹತ್ತಿ ನೇತುಹಾಕಿದವನು ಬೀರಲಿಂಗಯ್ಯನೇ. ಇಳಿದು ಬಂದು ಬಹಳ ಹೊತ್ತು ಕತ್ತೆತ್ತಿ ನೋಡಿದ. ಇಪ್ಪತ್ತಾರು ವರ್ಷದಲ್ಲಿ ತನ್ನ ಹೆಸರು ಬರೆಸಬೇಕೆಂದು ತನಗೇ ಹೊಳೆದಿರಲಿಲ್ಲವಲ್ಲ ಎಂದು ಮೊದಲ ಬಾರಿಗೆ ಅನ್ನಿಸಿರಬೇಕು.

ಬೈರಮ್ಮ ದಿನವೂ ಹಾಲು ಕರೆದು ಡೈರಿಗೆ ಹಾಕಿ ಬಂದು ಶೆಡ್ಡಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರತೊಡಗಿದಳು. ಸುಮ್ಮನೆ ಕೂತು ಗೊತ್ತಿಲ್ಲದವಳು, ನೋಡುತ್ತ ಕೂತಳು. ಮೂರನೆಯ ದಿನವೋ ನಾಲ್ಕನೆಯ ದಿನವೋ ಪುಟ್ಟರಾಜು ಯಂತ್ರವನ್ನೇ ಟ್ರೇಲರಿನಲ್ಲಿ ಹೇರಿಕೊಂಡು, ಮುಖ ಊದಿಸಿಕೊಂಡು ಬಂದ. ಯಂತ್ರದಲ್ಲಿ ಹಾಯಿಸಿದ ಆಲೂಗಡ್ಡೆಯನ್ನು ಹಾಸನದ ಮಾರುಕಟ್ಟೆಯಲ್ಲಿ ವ್ಯಾಪಾರಿ ವಾಪಸು ಮಾಡಿದ್ದ. ಮೂಟೆ ಬಿಚ್ಚಿದರೆ ಅರ್ಧಕ್ಕರ್ಧ ಗಡ್ಡೆಗೆ ಕಪ್ಪು ಕಲೆ.

“ಅದು ನಿನ್ ಗಡ್ಡೆ ತಪ್ಪು ಕಣ್ಲಾ. ಬೀಜ ಸರಿ ಇಲ್ದಿದ್ರೆ ನನ್ ಮಿಷಿನ್ ಏನ್ ಮಾಡೀತು?” ಎಂದ ಬೀರಲಿಂಗಯ್ಯ.

ಬೈರಮ್ಮ ಎದ್ದು ಪುಟ್ಟರಾಜು ತಂದಿದ್ದ ಗಡ್ಡೆಯೊಂದನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. “ಬೀಜದ ತಪ್ಪಲ್ಲ. ಪೆಟ್ಟು ಬಿದ್ದೈತೆ. ಬರೀ ಸರಳಿಗೆ ಉಳ್ಳುಳ್ಳಿ ಒಡ್ಕಂಡೈತೆ. ನಾವು ಆರ್ಸೋವಾಗ ಗಡ್ಡೆನ ಎತ್ತಿ ಆಕಿದ್ರೆ ಒಲದ ಯಜಮಾನ್ರು ಬಯ್ಯೋರು, ಮಗೀನಂಗೆ ಇಡ್ರವ್ವ ಅನ್ನೋರು. ನಿಮ್ ಮಿಷಿನ್ನು ಎತ್ತಿ ಕುಕ್ತೈತೆ. ಸರಳಿಗೆಲ್ಲ ಸೈಕಲ್ ಟ್ಯೂಬ್ ಸುತ್ತಿ, ತಿರುಗೋದ ನಿಧಾನ ಮಾಡಿ.”

“ಶೆಡ್ನಾಗೆ ನಂಗೇ ಕಲ್ಸಾಕೆ ಬಂದ್ಬುಟ್ಲು! ಬುತ್ತಿ ತರೋದ್ ಬಿಟ್ರೆ ಇಲ್ಲಿ ಏನ್ ಗೊತ್ತು ನಿಂಗೆ?”

“ಕಾಗದದಾಗೆ ನೀವು ಕೂಲಿ, ನಾನು ಓನರು. ಸುತ್ತಿ ಅಂದ್ರೆ ಸುತ್ತಿ.”

ಪುಟ್ಟರಾಜು ನಕ್ಕುಬಿಟ್ಟ. ಅದೇ ತಪ್ಪಾಯಿತು. ಬೀರಲಿಂಗಯ್ಯ ಕೈಯಲ್ಲಿದ್ದ ಸುತ್ತಿಗೆಯನ್ನು ನೆಲಕ್ಕೆ ಒಗೆದು ಹೊರಟುಹೋದ. ಎರಡು ದಿನ ಶೆಡ್ಡಿಗೆ ಬರಲಿಲ್ಲ. ಗೊರೂರಿನ ಕಡೆ ಅಣೆಕಟ್ಟೆಯ ಹಿನ್ನೀರಿನಲ್ಲಿ ಗಾಳ ಹಾಕಿಕೊಂಡು ಕೂತಿದ್ದನಂತೆ. ಬೈರಮ್ಮ ಹುಡುಕಿಕೊಂಡು ಹೋಗಲಿಲ್ಲ. ಊರಿನ ಸೈಕಲ್ ಅಂಗಡಿಯಿಂದ ಹಳೆಯ ಟ್ಯೂಬುಗಳನ್ನು ತಂದು, ಉದ್ದುದ್ದ ಕತ್ತರಿಸಿ, ಒಂದೊಂದೇ ಸರಳಿಗೆ ತಾನೇ ಸುತ್ತಿದಳು. ಮೂರನೆಯ ದಿನ ಬೆಳಿಗ್ಗೆ ಬೀರಲಿಂಗಯ್ಯ ಬಂದು ನೋಡಿದ. ಅರ್ಧ ಪೀಪಾಯಿ ಮುಗಿದಿತ್ತು. ಸುತ್ತಿದ್ದು ಸಡಿಲವಾಗಿತ್ತು.

“ಇಂಗ್ ಸುತ್ತುದ್ರೆ ನಾಕೇ ದಿನಕ್ಕೆ ಬಿಚ್ಕಂತದೆ. ತತ್ತಾ ಇಲ್ಲಿ” ಎಂದು ಕಿತ್ತುಕೊಂಡು ಮತ್ತೆ ಮೊದಲಿನಿಂದ ಬಿಗಿಯಾಗಿ ಸುತ್ತಿದ. ಮೋಟರಿನ ಗಾಲಿ ಬದಲಿಸಿ ವೇಗ ಇಳಿಸಿದ. ಪುಟ್ಟರಾಜುವಿನ ಮುಂದಿನ ಮೂಟೆಗಳು ವಾಪಸು ಬರಲಿಲ್ಲ. ಹೆಂಡತಿ ಹೇಳಿದ್ದು ಸರಿ ಎಂದು ಬೀರಲಿಂಗಯ್ಯ ಇಂದಿಗೂ ಬಾಯಿಬಿಟ್ಟು ಹೇಳಿಲ್ಲ. ಹೊಸ ಯಂತ್ರ ಮಾಡುವಾಗ ಸರಳು ಜೋಡಿಸುವ ಮೊದಲು ಅವಳನ್ನು ಕರೆದು ತೋರಿಸುತ್ತಾನೆ, ಅಷ್ಟೆ.

ಪ್ರಸನ್ನಕುಮಾರ್ ಪರಿಶೀಲನೆಗೆ ಬಂದದ್ದು ಎಲ್ಲರೂ ಆಸೆ ಬಿಟ್ಟ ಮೇಲೆ. ಬೈರಮ್ಮನ ಕೈಗೆ ವೆಲ್ಡಿಂಗ್ ಹಿಡಿ ಕೊಟ್ಟು, ಮುಖಕವಚವನ್ನು ಮುಖ ಕಾಣುವಂತೆ ಮೇಲೆ ಸರಿಸಿ, “ಸ್ವಲ್ಪ ನಗಿ ಅಮ್ಮ” ಎಂದು ಮೊಬೈಲಿನಲ್ಲಿ ಫೋಟೊ ತೆಗೆದರು. ಮುಖಕವಚ ಮೇಲಿಟ್ಟು ನಗುತ್ತ ಬೆಸೆದರೆ ಕಣ್ಣು ಹೋಗುತ್ತದೆ ಎಂದು ಬೀರಲಿಂಗಯ್ಯ ಹೇಳಲು ಹೋದ. ಫೋಟೊದಲ್ಲಿ ಕಾರ್ಮಿಕರು ಬೇಡ, ಸ್ವಲ್ಪ ಆ ಕಡೆ ನಿಲ್ಲಿ ಎಂದರು.

ಮಂಜೂರಾತಿಯ ಪತ್ರ ಮಾರ್ಚ್ ತಿಂಗಳ ಮೂರನೆಯ ವಾರ ಬಂತು. ಬೈರಮ್ಮ ಅದನ್ನು ದೇವರ ಮುಂದಿಟ್ಟು, ಕುಂಕುಮ ಹಚ್ಚಿ, ಆಮೇಲೆ ಓದಿದಳು. ಸಂದರ್ಶನದಲ್ಲಿ ಮೈದಾ ಹಾಗೂ ಆಲೂಗಡ್ಡೆಯದ್ದೇ ಮಾತು ಹೆಚ್ಚಾಗಿದ್ದುದರಿಂದ ಅವಳ ಘಟಕವನ್ನು ‘ಆಹಾರ ಸಂಸ್ಕರಣೆ’ ಎಂಬ ವಿಭಾಗಕ್ಕೆ ಸೇರಿಸಿದ್ದರು. ಆ ವಿಭಾಗದಲ್ಲಿ ಕೊಳ್ಳಬಹುದಾದ ಯಂತ್ರಗಳ ಪಟ್ಟಿ ಜೊತೆಗಿತ್ತು. ಹಿಟ್ಟು ನಾದುವುದು ಇತ್ತು, ಓವನ್ ಇತ್ತು, ಚಿಪ್ಸ್ ಹೆರೆಯುವುದು ಇತ್ತು. ಲೇತ್ ಇರಲಿಲ್ಲ.

ಗಂಡಹೆಂಡಿರು ಹಾಸನಕ್ಕೆ ಓಡಿದರು.

“ವಿಭಾಗ ಬದಲಾಯಿಸೋಕೆ ಬೆಂಗಳೂರಿಗೆ ಬರೀಬೇಕು. ಉತ್ತರ ಬರೋದ್ರೊಳಗೆ ಮಾರ್ಚ್ ಮೂವತ್ತೊಂದು ಆಗಿಹೋಗುತ್ತೆ, ಹಣ ವಾಪಸ್ಸು” ಎಂದರು ಪ್ರಸನ್ನಕುಮಾರ್. ಅವರಿಗೂ ನಿಜವಾಗಿ ಬೇಜಾರಾಗಿತ್ತು. ಯೋಚಿಸಿ ಒಂದು ಉಪಾಯ ಹೇಳಿದರು: “ಒಂದು ಕೆಲಸ ಮಾಡಿ ಅಮ್ಮ. ಓವನ್ ತಗೊಂಡುಬಿಡಿ. ನಾಳೇನೇ ರಿಲೀಸ್ ಮಾಡಿಸ್ತೀನಿ.”

“ಓವನ್ನಾಗೆ ಅಚ್ಚು ಕಡೆಯಾಕಾದೀತಾ ಸಾ?”

“ಅಚ್ಚು ಆಗಲ್ಲ. ಗುರಿ ಆಗುತ್ತೆ. ನನ್ನ ಟಾರ್ಗೆಟ್ಟು.”

ಬೀರಲಿಂಗಯ್ಯ ಹೆಂಡತಿಯ ಮುಖ ನೋಡಿದ. ತೆಗೆದುಕೊಂಡು ಮಾರಿದರಾಯಿತು ಎಂದು ಅವನ ಕಣ್ಣು ಹೇಳುತ್ತಿತ್ತು. ಬೈರಮ್ಮ ತಲೆಯಾಡಿಸಿದಳು. “ಬ್ಯಾಡ ಸಾ. ಬ್ರೆಡ್ಡು ಮಾಡಾಕೆ ಬರಲ್ಲ ನಂಗೆ.” ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಅತ್ತಳು. ಹತ್ತು ದಿನ ಬಳೆ ಎಸೆದದ್ದಕ್ಕೋ, ಕುಂಕುಮ ಹಚ್ಚಿದ್ದಕ್ಕೋ ಅವಳಿಗೇ ಗೊತ್ತಿರಲಿಲ್ಲ. ಬೀರಲಿಂಗಯ್ಯ ಅವಳ ಮಡಿಲಲ್ಲಿದ್ದ ಕಾಗದದ ಚೀಲವನ್ನು ತಾನು ಇಟ್ಟುಕೊಂಡ.

ಏಪ್ರಿಲ್‌ನಲ್ಲಿ ಪತ್ರಿಕೆಯ ಒಳಪುಟದಲ್ಲಿ ಸಣ್ಣ ಸುದ್ದಿ ಬಂತು. ಉದ್ಯಮ ಚೇತನದ ಹಣದಲ್ಲಿ ಬಹುಪಾಲು ಖರ್ಚಾಗದೆ ಉಳಿದಿದೆ; ಅರ್ಹ ಉದ್ಯಮಿಗಳು ಮುಂದೆ ಬರುತ್ತಿಲ್ಲ ಎಂದು ಇಲಾಖೆ ವಿಷಾದಿಸಿದೆ. ಬೈರಮ್ಮ ಅದನ್ನೂ ಬಿಡದೆ ಓದಿದಳು. ಓದುತ್ತ ಓದುತ್ತ ಅವಳಿಗೆ ಚನ್ನರಾಯಪಟ್ಟಣದ ಫಲಾನುಭವಿ ನೆನಪಾದ. ತರಬೇತಿಯಲ್ಲಿ ಎಲ್ಲರೂ ಫೋನ್ ನಂಬರು ಬರೆದುಕೊಂಡಿದ್ದರು. ಫೋನ್ ಮಾಡಿದಳು.

“ಸುನೀಲಪ್ಪ, ನಿನ್ ತಾವ ಲೇತ್ ಐತೆ ಅಂದಿದ್ದಲ್ಲ, ಅದು ಓಡ್ತೈತಾ?”

“ಗೊತ್ತಿಲ್ಲಕ್ಕ. ಓಡ್ಸಿಲ್ಲ.”

ಮರುದಿನ ಗಂಡಹೆಂಡಿರು ಚನ್ನರಾಯಪಟ್ಟಣಕ್ಕೆ ಹೋದರು. ಸುನೀಲ್‌ಕುಮಾರನ ಮನೆಯ ಹಿಂದಿನ ಕೋಣೆಯಲ್ಲಿ ಲೇತ್ ನಿಂತಿತ್ತು. ಮೇಲೆ ಹಪ್ಪಳದ ಯಂತ್ರದ ಖಾಲಿ ಪೆಟ್ಟಿಗೆ, ಅದರ ಮೇಲೆ ಒಗೆದ ಬಟ್ಟೆ. ಬಟ್ಟೆ ಸರಿಸಿದರೆ ಕಾರ್ಖಾನೆಯ ಪ್ಲಾಸ್ಟಿಕ್ ಹೊದಿಕೆ ಇನ್ನೂ ಹಾಗೇ ಇತ್ತು. ಬೀರಲಿಂಗಯ್ಯ ಮಂಡಿಯೂರಿ ಕೂತು, ಹೊದಿಕೆ ಹರಿದು, ಹಿಡಿಯನ್ನು ಮೆಲ್ಲಗೆ ತಿರುಗಿಸಿದ. ಸದ್ದೇ ಇಲ್ಲದೆ ತಿರುಗಿತು. ಹಾಸನದ ಲೇತಿನವನ ಮುಂದೆ ದಿನಗಟ್ಟಲೆ ಕೈಕಟ್ಟಿ ಕಾದವನು ಅಂದು ಆ ಹಿಡಿಯನ್ನು ಬಿಡಲು ಬಹಳ ಹೊತ್ತು ತೆಗೆದುಕೊಂಡ.

“ಮಾರಬೌದಾ ಇದ್ನ? ಸರ್ಕಾರದ ಕಟ್ಟಳೆ ಏನಾರ ಐತಾ?” ಎಂದು ಬೈರಮ್ಮ ಕೇಳಿದಳು.

“ಮೂರ್ ವರ್ಸ ಮಾರಂಗಿಲ್ಲ. ಓದ ತಿಂಗ್ಳಿಗೆ ಮುಗೀತು. ಎತ್ಕೊಂಡೋಗಿ ಅಕ್ಕ, ನಂಗೆ ಅಗರಬತ್ತಿ ಮಿಷಿನ್ ಇಡಾಕೆ ಜಾಗ ಬೇಕು” ಎಂದ ಸುನೀಲ್‌ಕುಮಾರ್. ಅರ್ಧ ಬೆಲೆಗೂ ಕಡಿಮೆಗೆ ಒಪ್ಪಿದ. ಆತನ ಮಟ್ಟಿಗೆ ಅದು ಪೂರಾ ಲಾಭವೇ.

ಹಣಕ್ಕೆ ಬೈರಮ್ಮ ತನ್ನ ಸ್ತ್ರೀಶಕ್ತಿ ಸಂಘವನ್ನು ಕೇಳಿದಳು. ಹನ್ನೊಂದು ಜನ ಹೆಂಗಸರು ಬೆಟ್ಟಮ್ಮನ ಜಗಲಿಯ ಮೇಲೆ ಕೂತು ಎಲೆಅಡಿಕೆ ಹಾಕಿಕೊಂಡರು. ವರದಿ ಕೇಳಲಿಲ್ಲ, ವಯಸ್ಸು ಕೇಳಲಿಲ್ಲ. ಸಂಘದ ಅಧ್ಯಕ್ಷೆಯಾದ ಬೆಟ್ಟಮ್ಮ ಒಂದೇ ಪ್ರಶ್ನೆ ಕೇಳಿದಳು: “ಆ ಮಿಷಿನ್ ಬಂದ್ರೆ ಗಡ್ಡೆ ಆರ್ಸೋ ಕೂಲಿ ನಮಗೆ ತಪ್ಪೋಗಲ್ವೇನೆ ಬೈರಿ?”

ಇಷ್ಟು ದಿನದಲ್ಲಿ ಯಾರೂ ಕೇಳದಿದ್ದ ಪ್ರಶ್ನೆ. ಐವರ ಸಮಿತಿಗೂ ಹೊಳೆದಿರಲಿಲ್ಲ. ಬೈರಮ್ಮ ಇದ್ದದ್ದನ್ನೇ ಹೇಳಿದಳು. “ಆರ್ಸೋಕೆ ಜನ ಕಮ್ಮಿ ಬೇಕಾತದೆ, ಸುಳ್ಳು ಯೋಳಲ್ಲ. ಆದ್ರೆ ಗಡ್ಡೆ ಸುರಿಯಾಕೆ, ಕೊಳ್ತಿದ್ದ ತೆಗಿಯಾಕೆ ಕೈ ಬೇಕೇ ಬೇಕು. ಬಗ್ಗಿ ಬಗ್ಗಿ ಸೊಂಟ ಓಗಾದು ತಪ್ತದೆ. ಟ್ಯೂಬ್ ಸುತ್ತಾ ಕೆಲ್ಸ ನಿಮ್ಗೇ ಕೊಡ್ತೀನಿ.” ವಾದ ಎರಡು ಗಂಟೆ ನಡೆಯಿತು. ಇಬ್ಬರು ಕೊನೆಯವರೆಗೂ ಒಪ್ಪಲಿಲ್ಲ. ಒಂಬತ್ತು ಜನ ಒಪ್ಪಿದರು, ಸಾಲ ಸಿಕ್ಕಿತು.

ಲೇತ್ ಬಂದಿಳಿದಾಗ ಅದರ ಪಕ್ಕೆಯಲ್ಲಿ ಕೆಂಪು ಅಕ್ಷರ ಕಾಣಿಸಿತು: ‘ಸರ್ಕಾರದ ನೆರವಿನಿಂದ ಖರೀದಿಸಿದ ಯಂತ್ರ’. ಬೀರಲಿಂಗಯ್ಯ ಉಜ್ಜುವ ಕಾಗದ ತೆಗೆದುಕೊಂಡ. “ಬಿಡಿ, ಇರ್ಲಿ. ಸುಳ್ಳೇನಲ್ವಲ್ಲ” ಎಂದಳು ಬೈರಮ್ಮ.

ಕಳೆದ ಆಲೂಗಡ್ಡೆ ಕಾಲದಲ್ಲಿ ಆ ಶೆಡ್ಡಿನಿಂದ ಒಂಬತ್ತು ಯಂತ್ರಗಳು ಹೊರಟವು. ಹೊಳೆನರಸೀಪುರದ ಕಡೆಗೆ ಎರಡು, ಅರಕಲಗೂಡಿನ ಕಡೆಗೆ ಮೂರು, ಉಳಿದವು ಸುತ್ತಮುತ್ತಲೇ. ಟ್ಯೂಬ್ ಸುತ್ತುವುದಕ್ಕೆ ಸಂಘದ ಹೆಂಗಸರು ಸರದಿಯ ಮೇಲೆ ಬರುತ್ತಾರೆ. ಒಪ್ಪದಿದ್ದ ಇಬ್ಬರಲ್ಲಿ ಒಬ್ಬಳೂ ಬರುತ್ತಾಳೆ. ಇನ್ನೊಬ್ಬಳು ಬೈರಮ್ಮನೊಂದಿಗೆ ಮಾತು ಬಿಟ್ಟಿದ್ದಾಳೆ. ಅದು ಬೈರಮ್ಮನಿಗೆ ಈಗಲೂ ಚುಚ್ಚುತ್ತದೆ.

ಅರಕಲಗೂಡಿನ ಕಡೆಯ ಒಂದು ಹೊಲಕ್ಕೆ ಯಂತ್ರ ಹೊರಟ ದಿನ ಈ ಕಥೆ ಬರೆಯುತ್ತಿರುವ ನಾನೂ ಅಲ್ಲಿದ್ದೆ. ಗೂಡ್ಸ್ ಆಟೊದಲ್ಲಿ ಚಾಲಕನ ಪಕ್ಕ ಒಬ್ಬರಿಗೇ ಜಾಗ. ಗಡ್ಡೆ ಸುರಿಯುವ ಬಗೆಯನ್ನು ಅಲ್ಲಿನ ಹೆಂಗಸರಿಗೆ ತೋರಿಸಿಕೊಡಬೇಕಾಗಿದ್ದವಳು ಬೈರಮ್ಮ. ಅವಳು ಸೀರೆಯ ನೆರಿಗೆ ಎತ್ತಿ ಹಿಡಿದು ಮುಂದೆ ಹತ್ತಿ ಕೂತಳು. ಬೀರಲಿಂಗಯ್ಯ ಹಿಂದೆ ಹತ್ತಿ, ಯಂತ್ರ ಅಲುಗದಂತೆ ಎರಡೂ ಕೈಯಲ್ಲಿ ತಬ್ಬಿ ನಿಂತುಕೊಂಡ.

“ಗಟ್ಟಿಯಾಗಿ ಇಡ್ಕಳಿ” ಎಂದು ಬೈರಮ್ಮ ಕಿಟಕಿಯಿಂದ ಕೂಗಿದಳು.

“ಆಯ್ತು ಓನರಮ್ಮ, ಒರಡು” ಎಂದ ಬೀರಲಿಂಗಯ್ಯ. ಗಾಡಿ ಹೊರಟಿತು.